ಎರಡು ಸಲ ಹೇಳಿಸಿದ ಜರ್ಮನ್

ಕಳೆದ ವಾರ ರವಿಕೆ ಹೊಲಿಯಲು ಕೊಡಬೇಕೆಂದು ಬಿಕರ್ನಕಟ್ಟೆಯ ಒಂದು ಕಟ್ಟಡದ ಎರಡನೇ ಮಹಡಿ ಹತ್ತಿದೆ. ಮೆಟ್ಟಿಲ ಮೇಲೆ ಬಿಡಿಸಿಟ್ಟ ಒದ್ದೆ ಕೊಡೆಗಳ ಮುಗ್ಗಲು ವಾಸನೆ, ಕೆಳಗಿನ ಹೋಟೆಲಿನಿಂದ ಬನ್ಸ್ ಕರಿಯುವ ಎಣ್ಣೆಯ ವಾಸನೆ. ಈ ಎರಡೂ ಒಟ್ಟಿಗೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ತುಟಿ ತಾನಾಗಿ ಜರ್ಮನ್ ಮಾತಿಗೆ ಸಿದ್ಧವಾಗುತ್ತದೆ. ಈಗ ಟೈಲರಿನ ಮೂರು ಮೆಶಿನ್ ಓಡುತ್ತಿರುವ ಆ ಕೋಣೆಯಲ್ಲಿ ನಾನು ಹನ್ನೊಂದು ವರ್ಷ ಜರ್ಮನ್ ಕಲಿಸಿದ್ದೇನೆ. ಅಳತೆ ಕೊಡುತ್ತಾ ನಿಂತವಳಿಗೆ ನೆನಪಾದದ್ದು ಆ ಹನ್ನೊಂದು ವರ್ಷವಲ್ಲ, ಅದರ ಕೊನೆಯ ಒಂದು ಮಳೆಗಾಲ. ಟೈಲರ್ ಎರಡು ಸಲ ಕೇಳಿದರೂ ತೋಳಿನ ಉದ್ದ ಹೇಳಲು ಮರೆತೆ.

ನನ್ನಲ್ಲಿಗೆ ಬರುತ್ತಿದ್ದವರೆಲ್ಲ ನರ್ಸಿಂಗ್ ಮುಗಿಸಿದ ಹುಡುಗಿಯರು. ಜರ್ಮನಿಯ ಆಸ್ಪತ್ರೆಗಳು ಕೆಲಸಕ್ಕೆ ಕರೆಯುತ್ತವೆ, ಆದರೆ ಮೊದಲು ಭಾಷೆಯ ಪರೀಕ್ಷೆ ಪಾಸಾಗಬೇಕು. ಓದು, ಬರಹ, ಕೇಳುವುದು, ಮಾತು, ನಾಲ್ಕಕ್ಕೂ ಬೇರೆ ಬೇರೆ ಪರೀಕ್ಷೆ. "ಉಚ್ಚಾರ ಸರಿ ಆಗ್ಬೇಕಾದ್ರೆ ವಿಜಯಾ ಮೇಡಂ ಹತ್ರ ಹೋಗು" ಎಂಬ ಮಾತು ಈ ಊರಿನ ನರ್ಸುಗಳ ಹಾಸ್ಟೆಲುಗಳಲ್ಲಿ ಓಡಾಡುತ್ತಿತ್ತು. ವಿನಯದ ನಾಟಕ ನನಗೆ ಬರುವುದಿಲ್ಲ. ಆ ಮಾತು ನಿಜವೇ ಆಗಿತ್ತು.

ನಮ್ಮ ಬಾಯಿಗೆ ಜರ್ಮನ್ ಸುಲಭವಲ್ಲ. ವ್ಯಂಜನದಲ್ಲಿ ಪದ ಮುಗಿಸುವುದೆಂದರೆ ನಮಗೆ ಊಟದ ಮಧ್ಯೆ ಎದ್ದು ಹೋದ ಹಾಗೆ. ಬಸ್ಸು, ಕಾರು, ಬ್ಯಾಂಕು ಎಂದು ಬಾಲಕ್ಕೊಂದು ಸ್ವರ ಅಂಟಿಸಿದರೇ ಸಮಾಧಾನ. ಅವರು ನಾಯಿಗೆ ಹುಂಟ್ ಎನ್ನುತ್ತಾರೆ, ಟಕಾರದ ಮೇಲೆ ಬಾಗಿಲು ಹಾಕಿಬಿಡುತ್ತಾರೆ. ನಮ್ಮ ಹುಡುಗಿಯರು ಹುಂಟು ಎನ್ನುತ್ತಾರೆ. ಇನ್ನು ಊ ಎನ್ನುವ ಹಾಗೆ ತುಟಿ ಚೂಪು ಮಾಡಿಕೊಂಡು ಒಳಗಿನಿಂದ ಈ ಎನ್ನಬೇಕಾದ ಒಂದು ಸ್ವರ ಇದೆ. ಅದನ್ನು ಕಲಿಸುವ ದಿನ ಇಡೀ ಕ್ಲಾಸು ಮೀನಿನ ಮಾರುಕಟ್ಟೆಯಲ್ಲಿ ಬಂಗುಡೆಗಳು ಬಾಯಿ ತೆರೆದು ಮಲಗಿದ ಹಾಗೆ ಕಾಣುತ್ತಿತ್ತು.

ಇದಕ್ಕೆಲ್ಲ ನನ್ನ ಮದ್ದು ಪುಸ್ತಕದ್ದಲ್ಲ, ನನ್ನ ಮನೆಯದ್ದು. ನನ್ನ ತಂದೆ ದೇವಸ್ಥಾನದಲ್ಲಿ ಅರ್ಚಕರಾಗಿದ್ದರು. ಪೂಜೆ ಮುಗಿಸಿ ಬಂದು ಮನೆಯ ಚಾವಡಿಯಲ್ಲಿ ಶಿಷ್ಯರಿಗೆ ವೇದಪಾಠ ಹೇಳುತ್ತಿದ್ದರು. ಗುರು ಒಂದು ಸಲ ಹೇಳಬೇಕು, ಶಿಷ್ಯರು ಅದೇ ಏರಿಳಿತದಲ್ಲಿ ಎರಡು ಸಲ ಹೇಳಬೇಕು. ಸಂಥೆ ಎನ್ನುತ್ತಾರೆ ಆ ಕ್ರಮಕ್ಕೆ. ಒಂದು ಮಾತ್ರೆ ಹೆಚ್ಚುಕಡಿಮೆಯಾದರೆ ಮತ್ತೆ ಮೊದಲಿನಿಂದ. ನಡುವೆ ಪ್ರಶ್ನೆ ಕೇಳುವ ಹಾಗಿಲ್ಲ. ಹೆಣ್ಣೆಂದು ನನ್ನನ್ನು ಯಾರೂ ಅಲ್ಲಿ ಕೂರಿಸಲಿಲ್ಲ. ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಾ, ಗೋಡೆಯ ಈಚೆಯಿಂದ ಕೇಳಿ ಕೇಳಿ, ಮನಸ್ಸಿನಲ್ಲೇ ಎರಡೆರಡು ಸಲ ಹೇಳಿಕೊಂಡು ಅಷ್ಟನ್ನೂ ಕಲಿತೆ. ಮುಂದೆ ಪುಣೆಯಲ್ಲಿ ಜರ್ಮನ್ ಓದುವಾಗ ನನ್ನ ಉಚ್ಚಾರ ಕೇಳಿ ಅಲ್ಲಿನ ಉಪಾಧ್ಯಾಯರು ನೀನು ಯಾವ ದೇಶದಲ್ಲಿ ಬೆಳೆದವಳು ಎಂದು ಕೇಳಿದ್ದರು. ಆ ಹೆಮ್ಮೆಯಲ್ಲೇ ಊರಿಗೆ ಬಂದು ಕ್ಲಾಸು ತೆರೆದೆ.

ನನ್ನ ಕ್ಲಾಸಿನಲ್ಲೂ ಅದೇ ಕಾನೂನು. ನಾನು ಒಂದು ಸಲ, ಅವರು ಎರಡು ಸಲ. ಜರ್ಮನ್ನರು ಪದಕ್ಕೆ ಪದ ಕೊಂಡಿ ಹಾಕಿ ರೈಲು ಬೋಗಿಗಳ ಹಾಗೆ ಉದ್ದುದ್ದ ಪದ ಮಾಡುತ್ತಾರೆ. ರೋಗಿ ಎಂಬ ಪದಕ್ಕೆ ಮನೆ ಎಂಬುದನ್ನು ಸೇರಿಸಿದರೆ ಆಸ್ಪತ್ರೆ, ಕ್ರಾಂಕೆನ್‌ಹೌಸ್. ಅದಕ್ಕೆ ಇನ್ನೊಂದು, ಇನ್ನೂ ಒಂದು. ನಾನು ಅವುಗಳನ್ನು ತಂದೆ ಮಂತ್ರವನ್ನು ಬಿಡಿಸುತ್ತಿದ್ದಂತೆ ಬಿಡಿಸುತ್ತಿದ್ದೆ. ಒಂದನೆಯದನ್ನು ಎರಡನೆಯದರ ಜೊತೆ, ಎರಡನೆಯದನ್ನು ಮೂರನೆಯದರ ಜೊತೆ, ಕೊನೆಗೆ ಒಂದೇ ಉಸಿರಿನಲ್ಲಿ ಪೂರ್ತಿ, ಒತ್ತು ಮೊದಲ ತುಂಡಿನ ಮೇಲೆ. ಆರು ಹುಡುಗಿಯರು ಒಟ್ಟಿಗೆ ಹೇಳುವಾಗ ಕೆಳಗಿನ ಹೋಟೆಲಿನವರು "ಮೇಡಂ, ನಿಮ್ದು ಭಜನೆ ಶುರು ಆಯ್ತಾ?" ಎಂದು ತಮಾಷೆ ಮಾಡುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಿದ್ದೆ.

ಆ ವರ್ಷ ನನ್ನ ಕಣ್ಮಣಿ ಎಂದರೆ ನಸೀಮಾ. ಕಾಟಿಪಳ್ಳದ ಬ್ಯಾರಿ ಮನೆಯ ಹುಡುಗಿ. ಅವಳ ತಂದೆ ಹಸನಬ್ಬರಿಗೆ ಅಲ್ಲೇ ಕೊಡೆ, ರೈನ್‌ಕೋಟು, ಚಪ್ಪಲಿಗಳ ಅಂಗಡಿ. ಸಿಟಿಯ ಆಸ್ಪತ್ರೆಯೊಂದರಲ್ಲಿ ಮೂರು ವರ್ಷ ಕೆಲಸ ಮಾಡಿ, ಜರ್ಮನ್ ಕಲಿಯಲೆಂದು ಅದನ್ನು ಬಿಟ್ಟು ಬಂದಿದ್ದಳು. ರಾತ್ರಿ ಎಂಬುದಕ್ಕೆ ಜರ್ಮನಿನಲ್ಲಿ ನಾಖ್ಟ್ ಎನ್ನುತ್ತಾರೆ. ಆ ಖಕಾರ ನಮ್ಮದಲ್ಲ, ಗಂಟಲಿನ ಒಳಗೆ ಉಜ್ಜಿ ಬರಬೇಕು. ಉಳಿದವರು ವಾರಗಟ್ಟಲೆ ಕೆಮ್ಮಿದರು. ನಸೀಮಾ ಮೊದಲ ಸಲವೇ ಸರಿಯಾಗಿ ಹೇಳಿದಳು.

"ಎಲ್ಲಿಂದ ಬಂತು ಮಾರಾಯ್ತಿ ಇದು?" ಎಂದು ಕೇಳಿದೆ.

"ಮದ್ರಸದಿಂದ ಮೇಡಂ. ಅರಬಿಯಲ್ಲಿ ಇದೇ ಉಂಟು. ಯಾವ ಅಕ್ಷರ ಗಂಟಲಿನ ಯಾವ ಜಾಗದಿಂದ ಬರ್ಬೇಕು ಅಂತ ಉಸ್ತಾದರು ತೋರಿಸಿ ಕೊಡ್ತಿದ್ರು. ತಪ್ಪಿದ್ರೆ ಮತ್ತೆ ಮೊದಲಿಂದ."

"ನಮ್ಮ ಮನೆಯಲ್ಲೂ ಹಾಗೇ."

ಇಬ್ಬರೂ ನಕ್ಕೆವು. ಅವತ್ತಿನಿಂದ ನಮ್ಮಿಬ್ಬರ ನಡುವೆ ಒಂದು ಗುಟ್ಟಿನ ಸಲಿಗೆ ಬೆಳೆಯಿತು. ನಾನು ಹೇಳಿದ್ದನ್ನು ಅವಳು ನನ್ನ ದನಿಯ ಬಿರುಕು ಸಮೇತ ಎರಡು ಸಲ ಒಪ್ಪಿಸುತ್ತಿದ್ದಳು. ಕಣ್ಣು ಮುಚ್ಚಿದರೆ ಯಾವುದು ನನ್ನದು, ಯಾವುದು ಅವಳದ್ದು ಎಂದು ನನಗೇ ತಿಳಿಯುತ್ತಿರಲಿಲ್ಲ. ಅಂಥ ಶಿಷ್ಯೆಯನ್ನು ನಾನು ಮೊದಲು ಕಂಡಿರಲಿಲ್ಲ.

ಜೂನಿನಲ್ಲಿ ಆರೂ ಜನ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ಬಂದರು. ನಸೀಮಾಳಿಗೆ ಆಗಲೇ ಜರ್ಮನಿಯ ಒಂದು ಆಸ್ಪತ್ರೆಯಿಂದ ಪತ್ರ ಬಂದಿತ್ತು. ಆಗಸ್ಟ್ ಮುಗಿಯುವುದರೊಳಗೆ ನಾಲ್ಕೂ ಪ್ರಮಾಣಪತ್ರ ಕಳಿಸಿದರೆ ಕೆಲಸ, ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ. ಫಲಿತಾಂಶ ಬಂದ ದಿನ ಮೊದಲು ಅವಳದ್ದನ್ನೇ ನೋಡಿದೆ. ಓದು, ಬರಹ, ಕೇಳುವುದು ಪಾಸು. ಮಾತಿನಲ್ಲಿ ನಪಾಸು. ಪದ ನುಂಗುವ, ಹುಂಟು ಎನ್ನುವ, ನಾನು ದಿನಾ ಬೈಯುತ್ತಿದ್ದ ನಾಲ್ವರು ಮಾತಿನಲ್ಲಿ ಆರಾಮಾಗಿ ಪಾಸಾಗಿದ್ದರು.

ನಸೀಮಾ ಮಾರನೆಯ ದಿನ ಬಂದಳು. ಅತ್ತಿರಲಿಲ್ಲ. ನಡೆದದ್ದನ್ನು ರೋಗಿಯ ವರದಿ ಒಪ್ಪಿಸುವ ಹಾಗೆ ಹೇಳಿದಳು. ಪರೀಕ್ಷೆಯಲ್ಲಿ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಒಂದು ವಿಷಯ ಕೊಟ್ಟು ಮಾತನಾಡಿಸುತ್ತಾರೆ. ಇವಳ ಜೊತೆಗಾರ, ಎಲ್ಲಿಯದೋ ಒಬ್ಬ ಎಂಜಿನಿಯರ್, ಇವಳು ತಯಾರು ಮಾಡಿಕೊಂಡ ದಾರಿ ಬಿಟ್ಟು ಬೇರೇನೋ ಹೇಳಿದ. ಇವಳ ಕಣ್ಣಿಗೆ ಕತ್ತಲೆ ಕವಿಯಿತು.

"ಆಮೇಲೆ ನಾನು ಎಂತ ಮಾಡಿದೆ ಗೊತ್ತುಂಟಾ ಮೇಡಂ? ಅವನು ಹೇಳಿದ್ದನ್ನೇ ಪುನಃ ಹೇಳಿದೆ. ಎರಡು ಸಲ."

"ಎಂತ?"

"ಎರಡು ಸಲ ಮೇಡಂ. ಕ್ಲಾಸಲ್ಲಿ ಹೇಳಿದ ಹಾಗೆ. ಅವನಿಗಿಂತ ಒಳ್ಳೆ ಹೇಳಿದೆ. ಪರೀಕ್ಷಕರು ಬರೆಯುದು ನಿಲ್ಲಿಸಿ ನನ್ನ ಮುಖ ನೋಡಿದ್ರು. ಮತ್ತೆ ನಂಗೆ ಒಂದು ಶಬ್ದ ಬರ್ಲಿಲ್ಲ."

ಗಾಬರಿ ಎಂದೆ. ಜೊತೆಗಾರನದ್ದೇ ತಪ್ಪು ಎಂದೆ. ಹಿಂದಿನ ವರ್ಷಗಳಲ್ಲಿ ಹೀಗೆ ಬಿದ್ದ ಎರಡು ಮೂರು ಜನರಿಗೂ ಇದನ್ನೇ ಹೇಳಿ ಕಳಿಸಿದ್ದೆ. ಜುಲೈ ಕೊನೆಗೆ ಮಾತಿನ ಪರೀಕ್ಷೆ ಮತ್ತೆ ಇದೆ, ಇನ್ನೂ ಗಟ್ಟಿಯಾಗಿ ಬಾಯಿಪಾಠ ಮಾಡೋಣ ಎಂದೆ. ಅವಳು ಆಯಿತು ಎಂದು ತಲೆಯಾಡಿಸಿದಳು.

ಕಣ್ಣು ತೆರೆದದ್ದು ಅದೇ ವಾರ, ಒಂದು ಮಧ್ಯಾಹ್ನ. ಹೊಸ ತಂಡದ ಜೊತೆ ನಸೀಮಾಳೂ ಕುಳಿತಿದ್ದಳು. ನಾನು ಬೋರ್ಡಿಗೆ ಮುಖ ಮಾಡಿ ಬರೆಯುತ್ತಿದ್ದೆ. ಪಡುವಣ ಗಾಳಿ ಒಮ್ಮೆಲೇ ತಿರುಗಿ ಮಳೆ ಕಿಟಕಿಯಿಂದ ನೇರ ಒಳಗೆ ನುಗ್ಗಿತು. ಕ್ಲಾಸಿನಲ್ಲಿ ಜರ್ಮನ್ ಬಿಟ್ಟು ಬೇರೆ ಮಾತಿಲ್ಲ ಎಂಬುದು ನನ್ನದೇ ಕಟ್ಟಳೆ. ತಿರುಗದೆಯೇ ಕೂಗಿದೆ: "ಮಾಖ್ಟ್ ಬಿಟ್ಟೆ ದಾಸ್ ಫೆನ್‌ಸ್ಟರ್ ತ್ಸೂ!" ದಯವಿಟ್ಟು ಕಿಟಕಿ ಹಾಕಿ ಎಂದರ್ಥ.

ಬೆನ್ನ ಹಿಂದಿನಿಂದ ಏಳು ಕಂಠಗಳು ಒಟ್ಟಿಗೆ ಎದ್ದವು. "ಮಾಖ್ಟ್ ಬಿಟ್ಟೆ ದಾಸ್ ಫೆನ್‌ಸ್ಟರ್ ತ್ಸೂ." ಮತ್ತೊಮ್ಮೆ, "ಮಾಖ್ಟ್ ಬಿಟ್ಟೆ ದಾಸ್ ಫೆನ್‌ಸ್ಟರ್ ತ್ಸೂ."

ತಿರುಗಿ ನೋಡಿದೆ. ಕಿಟಕಿಯ ಪಕ್ಕದ ಬೆಂಚಿನ ಪುಸ್ತಕಗಳ ಮೇಲೆ ನೀರು ಹರಿಯುತ್ತಿತ್ತು. ಏಳೂ ಜನ ಬೆನ್ನು ನೆಟ್ಟಗೆ ಮಾಡಿ, ತುಟಿ ಸರಿಯಾದ ಆಕಾರದಲ್ಲಿಟ್ಟುಕೊಂಡು, ಮುಂದಿನ ವಾಕ್ಯಕ್ಕೆ ಕಾಯುತ್ತಿದ್ದರು. ಒಬ್ಬಳೂ ಏಳಲಿಲ್ಲ. ಉಚ್ಚಾರ ಮಾತ್ರ ಚಿನ್ನದಂತಿತ್ತು.

ಮೊದಲು ನಕ್ಕದ್ದು ನಸೀಮಾ. ಆಮೇಲೆ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಾನೇ ಹೋಗಿ ಕಿಟಕಿ ಹಾಕಿದೆ, ಸೆರಗಿನಿಂದ ಪುಸ್ತಕ ಒರೆಸಿದೆ. ಆ ಹುಡುಗಿ ಪರೀಕ್ಷೆಯಲ್ಲಿ ಗಾಬರಿಯಿಂದ ಬಿದ್ದದ್ದಲ್ಲ, ನಾನು ಕಲಿಸಿದ್ದನ್ನು ಚೆನ್ನಾಗಿ ಕಲಿತದ್ದರಿಂದ ಬಿದ್ದದ್ದು ಎಂದು ಒರೆಸುತ್ತಿರುವಾಗ ಹೊಳೆಯಿತು. ನನ್ನ ಮಾತು ಕೇಳದೆ ಹರಟುತ್ತಿದ್ದವರು ಪಾಸಾಗಿದ್ದರು.

ಕ್ಲಾಸು ಬಿಟ್ಟ ಮೇಲೆ ನಸೀಮಾಳನ್ನು ನಿಲ್ಲಿಸಿಕೊಂಡು ನೇರವಾಗಿ ಹೇಳಿದೆ. "ನೋಡು, ತಪ್ಪು ನನ್ನದು. ನಿನ್ನನ್ನು ಟೇಪ್‌ರೆಕಾರ್ಡರ್ ಮಾಡಿದೆ. ಬೇರೆ ಹೇಗೆ ಕಲಿಸುದು ಅಂತ ಸತ್ಯಕ್ಕೂ ನಂಗೆ ಗೊತ್ತಿಲ್ಲ. ಆದ್ರೆ ಇನ್ನು ನಾಲ್ಕು ವಾರ ಉಂಟು, ನಾನು ಬಿಡುದಿಲ್ಲ."

ಅವಳು ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡಳು. ಆಮೇಲೆ, "ಉಪ್ಪ ಒಂದು ಮಾತು ಹೇಳಿದ್ದಾರೆ ಮೇಡಂ, ನೀವು ಬೇಜಾರು ಮಾಡ್ಬಾರ್ದು" ಎಂದಳು. ಉಪ್ಪ ಎಂದರೆ ತಂದೆ. "ಗಿರಾಕಿ ಬಾಯಿಪಾಠ ಮಾಡ್ಕೊಂಡು ಅಂಗಡಿಗೆ ಬರ್ತಾನಾ, ಅಂತ ಕೇಳಿದ್ರು."

ಬೇಜಾರಾಯಿತು, ಸುಳ್ಳೇಕೆ. ಕೊಡೆ ಮಾರುವವರು ನನಗೆ ಪಾಠ ಹೇಳುವುದೇ ಎಂದೂ ಅನಿಸಿತು. ಆದರೂ ಮರುದಿನ ಸಂಜೆ ಕಾಟಿಪಳ್ಳದ ಬಸ್ಸು ಹತ್ತಿದೆ. ಕೂಳೂರು ಸೇತುವೆಯ ಮೇಲೆ ವಾಹನ ಕಿಕ್ಕಿರಿದು ನಿಂತಿದ್ದಾಗ ಕೆಳಗೆ ಕೆಂಪಾಗಿ ಹರಿಯುವ ಹೊಳೆ ನೋಡುತ್ತಾ, ಪಾಠದ ಪುಸ್ತಕವಿಲ್ಲದೆ ಪಾಠಕ್ಕೆ ಹೋಗುತ್ತಿರುವುದು ಇದೇ ಮೊದಲು ಎಂದುಕೊಂಡೆ. ಕೈ ಖಾಲಿ ಖಾಲಿ ಅನಿಸುತ್ತಿತ್ತು.

ಹಸನಬ್ಬರ ಅಂಗಡಿಯಲ್ಲಿ ಮಳೆಗಾಲವೆಂದರೆ ಸುಗ್ಗಿ. ನಾವು ಒಳಗಿನ ಮೂಲೆಯಲ್ಲಿ ಎರಡು ಸ್ಟೂಲು ಹಾಕಿ ಕುಳಿತೆವು. ನಸೀಮಾ ಅಂಗಡಿಯವಳು, ನಾನು ಜರ್ಮನ್ ಮಾತ್ರ ಬರುವ ತಕರಾರಿನ ಗಿರಾಕಿ. ಕಾನೂನು ಎರಡೇ. ನಾನು ಹೇಳಿದ್ದನ್ನು ಅವಳು ತಿರುಗಿ ಹೇಳಬಾರದು, ಉತ್ತರ ಕೊಡಬೇಕು. ಪದ ಗೊತ್ತಿಲ್ಲದಿದ್ದರೆ ನಿಲ್ಲಬಾರದು, ಗೊತ್ತಿರುವ ಪದಗಳನ್ನು ಜೋಡಿಸಿ ಹೊಸದು ಮಾಡಬೇಕು. ಆ ಭಾಷೆ ಅದಕ್ಕೆ ಅನುಮತಿ ಕೊಡುತ್ತದೆ. ಹನ್ನೊಂದು ವರ್ಷ ನಾನು ಅವರು ಮಾಡಿಟ್ಟ ಪದಗಳನ್ನು ಬಿಡಿಸಿ ತೋರಿಸಿದ್ದೆನೇ ಹೊರತು ಒಬ್ಬಳಿಗೂ ನೀನೊಂದು ಮಾಡು ಎಂದಿರಲಿಲ್ಲ.

ಮೊದಲ ಮೂರು ದಿನ ಅವಳ ತುಟಿ ನನ್ನ ವಾಕ್ಯದ ಹಿಂದೆಯೇ ಓಡಿತು. ಅರ್ಧ ತಿರುಗಿ ಹೇಳಿ, ನಾಲಗೆ ಕಚ್ಚಿಕೊಂಡು ನಿಲ್ಲುತ್ತಿದ್ದಳು. ನಾಲ್ಕನೆಯ ದಿನ ನಾನು ಒಂದು ಕೊಡೆ ಬಿಡಿಸಿ, ಇದರ ಕಡ್ಡಿ ಮುರಿದಿದೆ, ಇದೆಂಥ ಅಂಗಡಿ ಎಂದು ಜರ್ಮನಿನಲ್ಲಿ ರೇಗಿದೆ. ಕೊಡೆಯ ಕಡ್ಡಿಗೆ ಅವಳಲ್ಲಿ ಪದವಿರಲಿಲ್ಲ. ಒಂದು ಕ್ಷಣ ಕೊಡೆಯನ್ನೇ ನೋಡಿದಳು. ಅವಳೊಳಗಿನ ನರ್ಸು ಎದ್ದಿರಬೇಕು.

"ಶಿರ್ಮ್‌ಕ್ನೋಖೆನ್," ಎಂದಳು. ಕೊಡೆ-ಎಲುಬು. ಎಲುಬು ಮುರಿದದ್ದು ನಿಜ, ಆದರೆ ಅದು ನಿಮ್ಮ ಕೈಯಲ್ಲೇ ಈಗ ಮುರಿದದ್ದು, ನಾನು ನೋಡಿದೆ ಎಂದು ಜಗಳಕ್ಕೇ ಇಳಿದಳು. ಎರಡು ಕಡೆ ಲಿಂಗ ತಪ್ಪಿತು, ಒಂದು ಕ್ರಿಯಾಪದ ಎಲ್ಲೋ ಹೋಗಿ ಬಿತ್ತು. ಕೊಡೆಯ ಕಡ್ಡಿಗೆ ಜರ್ಮನಿನಲ್ಲಿ ಬೇರೆ ಪದ ಇದೆ. ತಿದ್ದಲು ನನ್ನ ಬಾಯಿ ತುರಿಸಿತು. ಸ್ಟೂಲಿನ ಅಂಚು ಗಟ್ಟಿಯಾಗಿ ಹಿಡಿದು ಕುಳಿತೆ.

"ಎಂತ ಹೇಳಿದಳು?" ಎಂದು ಹಸನಬ್ಬರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕೇಳಿದರು. ಅರ್ಥ ಹೇಳಿದೆ.

"ಎಲುಬಲ್ಲದೆ ಮತ್ತೆಂತ ಅದು? ಸರಿಯೇ ಹೇಳಿದ್ದಾಳೆ," ಎಂದರು. ಆಮೇಲೆ ಮಗಳಿಗೆ, "ಆದ್ರೆ ಗಿರಾಕಿಗೆ ಹಾಗೆ ಜೋರು ಮಾಡ್ಬಾರ್ದು ಮೋಳೆ, ನಾಳೆ ಬರುದಿಲ್ಲ ಅವರು" ಎಂದರು.

ಬಂದೆ. ನಾಲ್ಕು ವಾರ ದಿನವೂ ಬಂದೆ. ಬೆಳಿಗ್ಗೆ ಕ್ಲಾಸು, ಸಂಜೆ ಕಾಟಿಪಳ್ಳ. ಗಿರಾಕಿಯಾಗಿದ್ದವಳು ರೋಗಿಯಾದೆ, ರೋಗಿಯ ಮುಂಗೋಪದ ಮಗಳಾದೆ, ಕಿವಿ ಕೇಳದ ಅಜ್ಜನಾದೆ. ಅವಳು ನನ್ನನ್ನು ತಡೆದು ಮಾತನಾಡಲು ಕಲಿತಳು. ಮೊದಲ ಸಲ ತಡೆದಾಗ ನನಗೆ ಮುಖಕ್ಕೆ ಹೊಡೆದಂತಾಯಿತು. ನನ್ನನ್ನು ಯಾವ ವಿದ್ಯಾರ್ಥಿಯೂ ನಡುವೆ ತಡೆದಿರಲಿಲ್ಲ. ತಂದೆಯ ಚಾವಡಿಯಲ್ಲಿ ಹಾಗೆ ಮಾಡಿದವನು ಮಾರನೆಯ ದಿನ ಬರುವ ಹಾಗಿರಲಿಲ್ಲ. ಆದರೆ ಮಾತೆಂದರೆ ಅದೇ ಅಲ್ಲವೇ ಎಂದು ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸಂಥೆಯ ಮೇಲಿನ ಗೌರವ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ. ಮಂತ್ರಕ್ಕೆ ಅದಕ್ಕಿಂತ ಒಳ್ಳೆಯ ಕ್ರಮವಿಲ್ಲ, ಬಾಯಿ ತಿದ್ದುವುದಕ್ಕೂ ಇಲ್ಲ. ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಮಾತ್ರ ನನಗೆ ತಿಳಿದಿರಲಿಲ್ಲ.

ಜುಲೈ ಕೊನೆಯಲ್ಲಿ ಅವಳು ಬೆಂಗಳೂರಿಗೆ ಹೋದಳು. ಪರೀಕ್ಷೆ ಮುಗಿದ ಕೂಡಲೇ ಫೋನು ಮಾಡಿ ಒಂದೇ ಉಸಿರಿಗೆ ಹೇಳಿದಳು. ವಿಷಯ, ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಲು ಯಾವಾಗ ಬೇಕಾದರೂ ಬರಬಹುದೇ ಎಂಬುದು. ಎದುರಿಗೆ ಕೇರಳದ ಒಬ್ಬ ಹುಡುಗಿ. ಅವಳು ಎರಡು ವಾಕ್ಯ ಹೇಳಿ ತಡವರಿಸಿ ನಿಂತಳಂತೆ. ನಸೀಮಾ ತನ್ನ ಪಾಲಿನದ್ದನ್ನು ಒಪ್ಪಿಸುವ ಬದಲು, ನಿಮ್ಮ ಅಮ್ಮ ಆಸ್ಪತ್ರೆಯಲ್ಲಿದ್ದರೆ ನೀವು ಗಂಟೆ ನೋಡಿ ಹೋಗುತ್ತೀರಾ ಎಂದು ಅವಳನ್ನೇ ಕೇಳಿದಳಂತೆ. ಆ ಹುಡುಗಿಗೆ ಮಾತು ಬಂತು. ಇಬ್ಬರೂ ವಾದಕ್ಕೇ ಬಿದ್ದರು.

"ನಮ್ಮ ಊರಲ್ಲಿ ಗಂಜಿ ಹಿಡ್ಕೊಂಡು ಹತ್ತು ಜನ ನೆಂಟರು ಬರ್ತಾರಲ್ಲ ಮೇಡಂ, ಅದನ್ನು ಹೇಳ್ಬೇಕಿತ್ತು. ಶಬ್ದ ಇಲ್ಲ. ರೈಸ್‌ಜುಪ್ಪೆನ್‌ಫೆರ್ವಾಂಟೆ ಅಂದೆ."

ಅಕ್ಕಿಸಾರಿನ ನೆಂಟರು! ನಡುವಿನ ನಕಾರದ ಕೊಂಡಿಯೂ ಸರಿಯಾದ ಜಾಗದಲ್ಲಿತ್ತು. "ಪರೀಕ್ಷಕರು ಎಂತ ಹೇಳಿದ್ರು?"

"ನಗಾಡಿದ್ರು. ಮತ್ತೆ ಬರೆದ್ರು. ಎಂತ ಬರೆದ್ರು ಗೊತ್ತಿಲ್ಲ."

ಆ ಗೊತ್ತಿಲ್ಲದ ಬರಹಕ್ಕಾಗಿ ಎರಡು ವಾರ ಕಾದೆವು. ಅಷ್ಟರಲ್ಲಿ ಆಗಸ್ಟ್ ಅರ್ಧ ಮುಗಿದಿತ್ತು. ಈ ಸಲ ತಪ್ಪಿದರೆ ಮುಂದಿನ ಪರೀಕ್ಷೆಯ ಹೊತ್ತಿಗೆ ಆ ಕೆಲಸ ಇರುವುದಿಲ್ಲ. ನನ್ನ ಮೇಲೆ ನನಗೆ ಭರವಸೆ ಕಡಿಮೆಯಾದದ್ದು ನನ್ನ ಬದುಕಿನಲ್ಲಿ ಅಪರೂಪ. ಆ ಎರಡು ವಾರ ಕಡಿಮೆಯಾಗಿತ್ತು. ತಪ್ಪುಗಳನ್ನು ತಿದ್ದದೆ ಬಿಟ್ಟದ್ದು ಸರಿಯೇ? ಇದ್ದ ಒಂದು ಬಂಡವಾಳವನ್ನೂ ಅವಳಿಂದ ಕಿತ್ತುಕೊಂಡೆನೇ? ಫಲಿತಾಂಶದ ದಿನ ಕ್ಲಾಸಿಗೆ ರಜೆ ಕೊಟ್ಟು ಖಾಲಿ ಬೆಂಚುಗಳ ಎದುರು ಫೋನು ಇಟ್ಟುಕೊಂಡು ಕುಳಿತೆ. ಕೆಳಗಿನ ಹೋಟೆಲಿನಿಂದ ಊಟಕ್ಕೆ ಕರೆದರು, ಹೋಗಲಿಲ್ಲ.

ಮೂರು ಗಂಟೆಗೆ ಫೋನು ಬಂತು.

"ಪಾಸ್ ಮೇಡಂ." ಅವಳ ಹಿಂದೆ ಅಂಗಡಿಯಲ್ಲಿ ಹಸನಬ್ಬರು ಅದನ್ನೇ ಯಾರಿಗೋ ಜೋರಾಗಿ ಹೇಳುತ್ತಿರುವುದು ಕೇಳಿಸಿತು. "ಮೇಡಂ, ಒಂದು ಉಂಟು. ಹೋದ ಸಲ ಉಚ್ಚಾರಕ್ಕೆ ಪೂರ್ತಿ ಮಾರ್ಕ್ಸ್ ಇತ್ತು. ಈ ಸಲ ಕಟ್ ಮಾಡಿದ್ದಾರೆ. ನಿಮಗೆ ಸಿಟ್ಟಾ?"

"ಹೋಗ್ಲಿ ಬಿಡು ಮಾರಾಯ್ತಿ," ಎಂದೆ. ಅಷ್ಟಕ್ಕೇ ನನ್ನ ದನಿ ಒಡೆಯಿತು.

ಅವಳಿಗೆ ಅದು ಕೇಳಿಸಿರಬೇಕು. ಕನ್ನಡ ಬಿಟ್ಟು, ಮೆಲ್ಲಗೆ ಕೇಳಿದಳು: "ಉಂಟ್ ಈನೆನ್? ವೀ ಗೇಟ್ ಎಸ್ ಈನೆನ್?" ಮತ್ತೆ ನೀವು? ನೀವು ಹೇಗಿದ್ದೀರಿ?

ಅದು ಮೊದಲ ದಿನದ ಮೊದಲ ಪಾಠದ ವಾಕ್ಯ. ಹನ್ನೊಂದು ವರ್ಷ ಪ್ರತಿಯೊಂದು ತಂಡವೂ ಅದನ್ನು ನನ್ನ ಮುಖ ನೋಡಿಕೊಂಡು ಎರಡೆರಡು ಸಲ ಹೇಳಿತ್ತು. ಒಬ್ಬರೂ ನನ್ನನ್ನು ಕೇಳಿರಲಿಲ್ಲ.

ಹೆದರಿದ್ದೆ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದು ಅದೇ ಭಾಷೆಯಲ್ಲಿ ಪದ ಹುಡುಕಿ ಹುಡುಕಿ ಹೇಳಿದೆ. ನನ್ನ ಕ್ರಿಯಾಪದ ತಪ್ಪಿದ ಜಾಗದಲ್ಲಿ ಹೋಗಿ ಬಿತ್ತು.

ಅವಳು ತಿದ್ದಲಿಲ್ಲ. "ಹಾಗಾದ್ರೆ ಮೊದಲು ಊಟ ಮಾಡಿ," ಎಂದಳು, ಜರ್ಮನಿನಲ್ಲಿ.